ಶಕ್ತಿಗೆ ನಾಶವಿಲ್ಲ, ಹಾಗಾಗಿ ಆತ್ಮಕ್ಕೂ ನಾಶವಿಲ್ಲ: ಈ ವಾದ ಸರಿಯಾ?

ಕಡೂರಿನವಳು
ಎಲ್ಲರಿಗೂ ನಮಸ್ಕಾರ. ಈಚೆಗೆ ಅಪ್ಪ ತೀರಿಕೊಂಡರು. ವೈಕುಂಠ ಸಮಾರಾಧನೆ ದಿನ ಊಟ ಮುಗಿದ ಮೇಲೆ ಸೋದರಮಾವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಮಾಧಾನ ಹೇಳಿದರು. ಅವರು ಎಂಜಿನಿಯರ್ ಆಗಿ ರಿಟೈರ್ ಆದವರು. "ಶಕ್ತಿಯನ್ನು ಹುಟ್ಟಿಸೋಕೂ ಆಗಲ್ಲ, ನಾಶ ಮಾಡೋಕೂ ಆಗಲ್ಲ ಅಂತ ಶಾಲೆಯಲ್ಲಿ ಓದಿದ್ದೀಯಲ್ಲಮ್ಮ. ನಿಮ್ಮಪ್ಪನ ಆತ್ಮವೂ ಶಕ್ತಿಯೇ. ರೂಪ ಬದಲಾಗುತ್ತೆ ಅಷ್ಟೇ. ಇದು ನಂಬಿಕೆ ಅಲ್ಲ, ಫಿಸಿಕ್ಸ್" ಅಂದರು. ಅವರ ಪ್ರೀತಿ ನನಗೆ ಗೊತ್ತು, ಹಾಗಾಗಿ ತಲೆಯಾಡಿಸಿದೆ. ಆದರೆ ಮಾತು ಮನಸ್ಸಿನಲ್ಲೇ ಕೊರೀತಾ ಇದೆ.

ನನ್ನ ಪ್ರಶ್ನೆ ಎರಡು. ಭೌತಶಾಸ್ತ್ರ ನಿಜವಾಗಿ ಹಾಗೆ ಹೇಳುತ್ತದಾ? ಹೇಳುವುದಿಲ್ಲ ಅಂದರೆ, ಅದೇ ಕೊನೆ ಮಾತಾ, ಅಥವಾ ವಿಜ್ಞಾನಕ್ಕೆ ಕೈಗೆಟುಕದ ಜಾಗ ಇದೆಯಾ? ದಯವಿಟ್ಟು ಸಮಾಧಾನ ಹೇಳಬೇಡಿ, ಅದು ಸಾಕಷ್ಟು ಸಿಕ್ಕಿದೆ. ಸರಿಯಾದ ಉತ್ತರ ಬೇಕು.

ಪಿಯು ಮೇಷ್ಟ್ರು
ತಂದೆಯವರ ವಿಷಯ ಓದಿ ಬೇಸರವಾಯಿತು ಮೇಡಂ. ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ವಾದದ ಮೊದಲ ಸಾಲು ಸರಿ. ಎರಡನೇ ಸಾಲು ಅದರಿಂದ ಹುಟ್ಟುವುದಿಲ್ಲ.

ಶಕ್ತಿ ಅಂದರೆ ನಮ್ಮ ಶಾಸ್ತ್ರದಲ್ಲಿ ಲೆಕ್ಕ ಹಾಕುವ ಒಂದು ಪ್ರಮಾಣ, ಜೌಲ್‌ನಲ್ಲಿ ಅಳೆಯುತ್ತೇವೆ. ಹಾಗಾದರೆ ಲೆಕ್ಕವನ್ನೇ ಹಾಕಿ ನೋಡೋಣ. ಒಬ್ಬರು ದಿನಕ್ಕೆ 2000 ಕಿಲೋ ಕ್ಯಾಲೊರಿ ಊಟ ಮಾಡುತ್ತಾರೆ ಅಂದುಕೊಳ್ಳಿ. ಅದು ಸುಮಾರು 84 ಲಕ್ಷ ಜೌಲ್. ದಿನದ 86,400 ಸೆಕೆಂಡಿನಿಂದ ಭಾಗಿಸಿ. ಸೆಕೆಂಡಿಗೆ 97 ಜೌಲ್ ಬರುತ್ತದೆ, ಅಂದರೆ ಹತ್ತಿರ ಹತ್ತಿರ 100 ವ್ಯಾಟ್. ಮುದ್ದೆ, ಅನ್ನ, ಸಾರಿನಿಂದ ಒಳಗೆ ಬಂದದ್ದು ಬಹುಪಾಲು ಶಾಖವಾಗಿ ಹೊರಗೆ ಹೋಗುತ್ತಲೇ ಇರುತ್ತದೆ. ಉಸಿರು ನಿಂತರೆ ಹೊಸ ಶಾಖ ಹುಟ್ಟುವುದಿಲ್ಲ. ದೇಹ ಗಂಟೆಗೆ ಸುಮಾರು ಒಂದು ಡಿಗ್ರಿಯಂತೆ ತಣ್ಣಗಾಗುತ್ತಾ ಕೋಣೆಯ ಉಷ್ಣತೆಗೆ ಇಳಿಯುತ್ತದೆ. ಮಾಂಸ, ಕೊಬ್ಬಿನಲ್ಲಿ ಉಳಿದ ರಾಸಾಯನಿಕ ಶಕ್ತಿ, ಸುಟ್ಟರೆ ಬೆಂಕಿಗೆ ಸೇರುತ್ತದೆ, ಹೂತರೆ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಆಹಾರ. ಶಕ್ತಿ ಸಂರಕ್ಷಣೆ ಪೂರ್ತಿ ಪಾಲನೆಯಾಯಿತು. ಆತ್ಮ ಅಂತ ಪ್ರತ್ಯೇಕ ಕಾಲಂ ಈ ಲೆಕ್ಕದಲ್ಲಿ ಬೇಕಾಗಲೇ ಇಲ್ಲ.

ಇನ್ನೊಂದು ಮಾತು. ನಿಮ್ಮ ತಂದೆಯವರನ್ನು ನಿಮ್ಮ ತಂದೆಯಾಗಿ ಮಾಡಿದ್ದು ಆ 100 ವ್ಯಾಟ್ ಅಲ್ಲ. ನನ್ನಲ್ಲೂ ಅಷ್ಟೇ ಇದೆ, ಬೀದಿಯಲ್ಲಿ ಹೋಗುವ ಯಾರಲ್ಲೂ ಅಷ್ಟೇ ಇದೆ. ಅವರ ನೆನಪು, ಸಿಟ್ಟು, ಮಾತಿನ ಧಾಟಿ ಎಲ್ಲ ಇದ್ದದ್ದು ಮಿದುಳಿನ ಜೋಡಣೆಯಲ್ಲಿ. ಜೋಡಣೆ ಉಳಿಯಲೇಬೇಕು ಅಂತ ಯಾವ ಸಂರಕ್ಷಣಾ ನಿಯಮವೂ ಹೇಳುವುದಿಲ್ಲ.

ಹೊಸಪೇಟೆ ಹುಡುಗ
ಹಾಗಾದ್ರೆ ಸತ್ತಾಗ 21 ಗ್ರಾಂ ತೂಕ ಕಡಿಮೆ ಆಗುತ್ತೆ ಅನ್ನೋದು? ಅದು ಸಾಬೀತಾಗಿದೆ ಅಲ್ವಾ?

ರಾತ್ರಿಪಾಳಿ
ಆಗಿಲ್ಲ ತಮ್ಮಾ. ಡಂಕನ್ ಮ್ಯಾಕ್‌ಡೂಗಲ್ ಅನ್ನೋ ಅಮೆರಿಕದ ವೈದ್ಯ 1907ರಲ್ಲಿ ಪ್ರಕಟಿಸಿದ್ದು ಅದು. ಸಾಯುವ ಸ್ಥಿತಿಯಲ್ಲಿದ್ದ ಆರು ರೋಗಿಗಳನ್ನು, ಹೆಚ್ಚಿನವರು ಕ್ಷಯದವರು, ಮಂಚ ಸಮೇತ ತಕ್ಕಡಿ ಮೇಲೆ ಮಲಗಿಸಿದ. ಎರಡು ಫಲಿತಾಂಶ ಅವನೇ ಕೈಬಿಟ್ಟ. ಉಳಿದದ್ದೂ ಒಂದಕ್ಕೊಂದು ಹೊಂದಲಿಲ್ಲ. 21 ಗ್ರಾಂ ಬಂದದ್ದು ಮೊದಲನೇ ರೋಗಿಯಲ್ಲಿ ಮಾತ್ರ. ಆಮೇಲೆ 15 ನಾಯಿಗಳನ್ನು ತೂಗಿ, ತೂಕ ಇಳಿಯಲಿಲ್ಲ, ಹಾಗಾಗಿ ನಾಯಿಗೆ ಆತ್ಮವಿಲ್ಲ ಅಂದ. ಅದೇ ವರ್ಷ ಆಗಸ್ಟಸ್ ಕ್ಲಾರ್ಕ್ ಅನ್ನೋ ಇನ್ನೊಬ್ಬ ವೈದ್ಯರು ತಕರಾರು ತೆಗೆದರು. ಉಸಿರು ನಿಂತಾಗ ಶ್ವಾಸಕೋಶ ರಕ್ತವನ್ನು ತಂಪು ಮಾಡುವುದು ನಿಲ್ಲುತ್ತದೆ, ಮೈ ಸ್ವಲ್ಪ ಬಿಸಿಯಾಗಿ ಬೆವರು ಹೋಗುತ್ತದೆ, ನಾಯಿಗೆ ನಮ್ಮ ಹಾಗೆ ಬೆವರುವುದಿಲ್ಲ, ಅದಕ್ಕೇ ಈ ವ್ಯತ್ಯಾಸ ಅಂತ.

ಆ ನಾಯಿಗಳ ಬಗ್ಗೆ ಓದಿದಾಗ ನನಗೆ ತುಂಬಾ ಸಂಕಟವಾಯಿತು. 15 ಕಾಯಿಲೆಯ ನಾಯಿಗಳು ಅವನಿಗೆ ಸಿಕ್ಕಿರಲಿಕ್ಕಿಲ್ಲ, ಚೆನ್ನಾಗಿದ್ದವನ್ನೇ ಕೊಂದಿರಬೇಕು.

ವೈದಿಕ ಮನೆಯವ
ಮೇಷ್ಟ್ರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ, ಆದರೆ ಬೇರೆ ಕಾರಣಕ್ಕೆ. ಆತ್ಮ ಅಂದರೆ ಶಕ್ತಿ ಅಂತ ಹೇಳಿದವರು ಯಾರು? ಶಂಕರರು, ರಾಮಾನುಜರು, ಮಧ್ವರು ಆತ್ಮದ ವಿಷಯದಲ್ಲಿ ಒಬ್ಬರನ್ನೊಬ್ಬರು ಒಪ್ಪಲಿಲ್ಲ. ಆದರೆ ಮೂವರಲ್ಲಿ ಯಾರೂ ಅದನ್ನು ಬಿಸಿ, ತೂಕ ಇರುವ ವಸ್ತು ಅನ್ನಲಿಲ್ಲ. ಅಳೆಯಲು ಬರುವುದು ಪ್ರಕೃತಿಯ ಕಡೆ ಸೇರಿತು, ಆತ್ಮದ ಕಡೆ ಅಲ್ಲ. ಫಿಸಿಕ್ಸ್ ಹೆಸರು ಹೇಳಿ ಆತ್ಮವನ್ನು ಕಾಪಾಡಲು ಹೊರಟವರು ಅದನ್ನು ಬ್ಯಾಟರಿ ಮಟ್ಟಕ್ಕೆ ಇಳಿಸುತ್ತಾರೆ. ನನಗೆ ಇದು ನಾಸ್ತಿಕರ ಮಾತಿಗಿಂತ ಜಾಸ್ತಿ ನೋವು ಕೊಡುತ್ತದೆ.

ಬೆಳಗೊಳದ ಬಸದಿ ಬೀದಿ
ಸಣ್ಣ ತಿದ್ದುಪಡಿ ಸರ್. ವೈದಿಕರಲ್ಲಿ ಹಾಗಿರಬಹುದು, ಜೈನರಲ್ಲಿ ಬೇರೆ. ನಮ್ಮಲ್ಲಿ ಜೀವ ತಾನಿರುವ ದೇಹದಷ್ಟೇ ಗಾತ್ರಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಕರ್ಮ ಅನ್ನುವುದು ಜೀವಕ್ಕೆ ಅಂಟುವ ಸೂಕ್ಷ್ಮ ಪುದ್ಗಲ, ಅಂದರೆ ದ್ರವ್ಯವೇ. ಬೌದ್ಧರು ಆತ್ಮವೇ ಇಲ್ಲ ಅಂದರು, ಆದರೂ ಪುನರ್ಜನ್ಮ ಒಪ್ಪಿದರು. ಚಾರ್ವಾಕರು ಎರಡನ್ನೂ ಬಿಟ್ಟರು. 'ನಮ್ಮವರು ಹೇಳಿದ್ದು' ಅಂತ ಒಂದೇ ಉತ್ತರ ಈ ದೇಶದಲ್ಲಿ ಯಾವತ್ತೂ ಇರಲಿಲ್ಲ.

ವೈದಿಕ ಮನೆಯವ
ಒಪ್ಪಿದೆ. ನಾನು ವೇದಾಂತದ ಮಟ್ಟಿಗೆ ಹೇಳಿದ್ದು.

ಕ್ವಾಂಟಂ ಕನ್ನಡಿಗ
ಮೇಷ್ಟ್ರು ಹಳೇ ಫಿಸಿಕ್ಸ್ ಹೇಳ್ತಿದ್ದಾರೆ. ರೋಜರ್ ಪೆನ್‌ರೋಸ್ ನೊಬೆಲ್ ಪಡೆದವರು. ಅವರೂ ಸ್ಟುವರ್ಟ್ ಹ್ಯಾಮೆರಾಫ್ ಅನ್ನೋ ಅರಿವಳಿಕೆ ತಜ್ಞರೂ ಸೇರಿ, ಪ್ರಜ್ಞೆ ಅನ್ನೋದು ನರಕೋಶದ ಒಳಗಿನ ಸೂಕ್ಷ್ಮ ಕೊಳವೆಗಳಾದ ಮೈಕ್ರೊಟ್ಯೂಬ್ಯೂಲ್‌ಗಳಲ್ಲಿ ನಡೆಯುವ ಕ್ವಾಂಟಂ ಕ್ರಿಯೆ ಅಂದಿದ್ದಾರೆ. ಕ್ವಾಂಟಂ ಅಂದ ಮೇಲೆ ಅದು ದೇಹಕ್ಕೇ ಕಟ್ಟಿಹಾಕಿಕೊಂಡಿರಬೇಕು ಅಂತೇನಿಲ್ಲ.

ಪಿಯು ಮೇಷ್ಟ್ರು
ಪೆನ್‌ರೋಸ್ ಅವರಿಗೆ 2020ರಲ್ಲಿ ನೊಬೆಲ್ ಬಂದದ್ದು ಕಪ್ಪುಕುಳಿಗಳ ಕೆಲಸಕ್ಕೆ. ಈ ಮೈಕ್ರೊಟ್ಯೂಬ್ಯೂಲ್ ಸಿದ್ಧಾಂತಕ್ಕೆ 2000ದಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಟೆಗ್‌ಮಾರ್ಕ್ ಒಂದು ಲೆಕ್ಕ ಹಾಕಿದರು. ಮಿದುಳಿನ ಬಿಸಿ, ಒದ್ದೆ ವಾತಾವರಣದಲ್ಲಿ ಅಂಥ ಕ್ವಾಂಟಂ ಸ್ಥಿತಿ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಚದುರಿಹೋಗುತ್ತದೆ, ನರಕೋಶ ಕೆಲಸ ಮಾಡುವುದು ಸೆಕೆಂಡಿನ ಸಾವಿರದ ಪಾಲಿನ ವೇಗದಲ್ಲಿ ಅಂತ. ಹ್ಯಾಮೆರಾಫ್ ಕಡೆಯವರು ಅದಕ್ಕೆ ಉತ್ತರ ಕೊಟ್ಟರು, ಜಗಳ ಇನ್ನೂ ಇದೆ. ಆದರೆ ಗಮನಿಸಿ, ಆ ಸಿದ್ಧಾಂತ ಪೂರ್ತಿ ಗೆದ್ದರೂ ಮೈಕ್ರೊಟ್ಯೂಬ್ಯೂಲ್ ಬೇಕೇ ಬೇಕು. ಅದು ಚಿತೆಯಲ್ಲಿ ಸುಟ್ಟುಹೋಗುವ ಪ್ರೋಟೀನ್.

ದೂರದೂರಿನ ಮಗ
ನನಗೆ ಇಲ್ಲಿ ಯಾವಾಗಲೂ ನೆನಪಾಗುವುದು ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್. 1643ರಲ್ಲಿ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್‌ಗೆ ಕಾಗದ ಬರೆದು ಕೇಳಿದಳು. ಆತ್ಮಕ್ಕೆ ಗಾತ್ರವಿಲ್ಲ, ಅದು ಯಾವುದನ್ನೂ ಮುಟ್ಟುವುದಿಲ್ಲ ಅಂತೀರಿ, ಹಾಗಾದರೆ ದೇಹವನ್ನು ಹೇಗೆ ಅಲುಗಾಡಿಸುತ್ತದೆ? ಡೆಕಾರ್ಟ್ ಕೊಟ್ಟ ಉತ್ತರ ಅವಳಿಗೆ ಸಾಕಾಗಲಿಲ್ಲ. ನನಗೂ ಸಾಕಾಗಿಲ್ಲ.

ಈಗ ಆ ಪ್ರಶ್ನೆ ಇನ್ನೂ ಹರಿತವಾಗಿದೆ. ನಾನು ಕೈ ಎತ್ತಬೇಕಾದರೆ ನರದಲ್ಲಿ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಪರಮಾಣುಗಳು, ಚಲಿಸಬೇಕು. ಆತ್ಮ ಅವನ್ನು ತಳ್ಳುತ್ತದೆ ಅಂದರೆ ಅದೊಂದು ಬಲ. ನಮ್ಮ ದೇಹದ ಮಟ್ಟದಲ್ಲಿ ಇಲೆಕ್ಟ್ರಾನ್, ಪ್ರೋಟಾನ್, ನ್ಯೂಟ್ರಾನ್ ಮೇಲೆ ಯಾವ ಬಲಗಳು ಕೆಲಸ ಮಾಡುತ್ತವೆ ಅಂತ ಬಹಳ ಚೆನ್ನಾಗಿ ಅಳೆದಿದ್ದಾರೆ. ಇಲೆಕ್ಟ್ರಾನಿನ ಕಾಂತೀಯ ಗುಣ ಲೆಕ್ಕಕ್ಕೂ ಪ್ರಯೋಗಕ್ಕೂ ಹತ್ತಕ್ಕಿಂತ ಜಾಸ್ತಿ ಅಂಕಿಗಳವರೆಗೆ ತಾಳೆಯಾಗುತ್ತದೆ. ಶಾನ್ ಕ್ಯಾರೊಲ್ ಅನ್ನುವ ಭೌತವಿಜ್ಞಾನಿ ಇದನ್ನೇ ಮುಂದಿಡುತ್ತಾರೆ. ನರಕೋಶವನ್ನು ಅಲುಗಿಸುವಷ್ಟು ಜೋರಾದ ಹೊಸ ಬಲ ಇದ್ದಿದ್ದರೆ ಇಷ್ಟು ಹೊತ್ತಿಗೆ ಪ್ರಯೋಗಗಳಲ್ಲಿ ಕಾಣಿಸಬೇಕಿತ್ತು. ಕಂಡಿಲ್ಲ.

ಹೊಸಪೇಟೆ ಹುಡುಗ
ಬ್ರಹ್ಮಾಂಡದ 95% ಏನು ಅಂತಾನೇ ಗೊತ್ತಿಲ್ಲ ಅಂತಾರೆ ಅಣ್ಣ. ಡಾರ್ಕ್ ಮ್ಯಾಟರ್, ಡಾರ್ಕ್ ಎನರ್ಜಿ. ಅದರಲ್ಲಿ ಇರಬಾರದಾ?

ದೂರದೂರಿನ ಮಗ
ಒಳ್ಳೆ ಪ್ರಶ್ನೆ. ಡಾರ್ಕ್ ಮ್ಯಾಟರ್ ಸುಮಾರು 27%, ಡಾರ್ಕ್ ಎನರ್ಜಿ ಸುಮಾರು 68%. ಆದರೆ ಅದನ್ನು 'ಡಾರ್ಕ್' ಅನ್ನುವುದೇ ನಮ್ಮ ಪರಮಾಣುಗಳ ಜೊತೆ ಗುರುತ್ವ ಬಿಟ್ಟರೆ ಹೆಚ್ಚುಕಮ್ಮಿ ವ್ಯವಹಾರವೇ ಇಲ್ಲ ಅನ್ನುವ ಕಾರಣಕ್ಕೆ. ನೆಲದಡಿ ಆಳದ ಗಣಿಗಳಲ್ಲಿ ಟನ್‌ಗಟ್ಟಲೆ ದ್ರವ ಕ್ಸೆನಾನ್ ಇಟ್ಟು ಕಾಯುತ್ತಿದ್ದಾರೆ, ಅದರ ಒಂದು ಕಣ ಖಚಿತವಾಗಿ ತಟ್ಟಿದ್ದು ಇನ್ನೂ ಸಿಕ್ಕಿಲ್ಲ. ಅಷ್ಟು ದೂರ ನಿಲ್ಲುವ ವಸ್ತು ನಿಮ್ಮ ತಾತನ ಹೆಸರು ನೆನಪಿಟ್ಟುಕೊಂಡು ನಿಮ್ಮ ನಾಲಿಗೆಗೆ ತರುವುದು ಹೇಗೆ? ಗೊತ್ತಿಲ್ಲದ ಜಾಗ ಇದೆ ಅಂದ ಮಾತ್ರಕ್ಕೆ ನಮಗೆ ಬೇಕಾದದ್ದು ಅಲ್ಲಿ ಇದೆ ಅಂತ ಆಗಲ್ಲ.

ಕ್ವಾಂಟಂ ಕನ್ನಡಿಗ
ಮಿದುಳು ರೇಡಿಯೋ ಥರ ಇರಬಹುದಲ್ಲ? ರೇಡಿಯೋ ಒಡೆದರೆ ಹಾಡು ನಿಲ್ಲುತ್ತೆ, ಆಕಾಶವಾಣಿ ನಿಲ್ಲಲ್ಲ. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರ ದಶಕದಲ್ಲೇ ಇಂಥ ವಾದ ಮಾಡಿದ್ದರು.

ರಾತ್ರಿಪಾಳಿ
ನಾನು ಐಸಿಯುನಲ್ಲಿ ನರ್ಸ್. ಸ್ಟ್ರೋಕ್ ಆದವರನ್ನು ನೋಡುತ್ತಾ ಇರುತ್ತೇನೆ. ಮಿದುಳಿನ ಎಡಭಾಗದ ಒಂದು ಸಣ್ಣ ಜಾಗಕ್ಕೆ ರಕ್ತ ನಿಂತರೆ ಮಾತು ಹೋಗುತ್ತದೆ, ಇನ್ನೊಂದು ಜಾಗಕ್ಕೆ ನಿಂತರೆ ಮಾತು ಸರಾಗ, ಅರ್ಥ ಮಾತ್ರ ಇಲ್ಲ. ಮುಂಭಾಗಕ್ಕೆ ಪೆಟ್ಟಾದರೆ ಸಂಭಾವಿತರು ಕೆಟ್ಟದಾಗಿ ಬೈಯಲು ಶುರು ಮಾಡುತ್ತಾರೆ, ಮನೆಯವರು ಅಳುತ್ತಾ 'ಇವರು ಹೀಗಿರಲಿಲ್ಲ ಸಿಸ್ಟರ್' ಅನ್ನುತ್ತಾರೆ. ರೇಡಿಯೋ ಕೆಟ್ಟರೆ ಗೊರಗೊರ ಸದ್ದು ಬರುತ್ತದೆ. ಸುದ್ದಿ ಓದುವವರ ಸ್ವಭಾವ ಬದಲಾಗುವುದಿಲ್ಲ. ಇಲ್ಲಿ ಸ್ವಭಾವವೇ ಬದಲಾಗುತ್ತದೆ.

ಆದರೆ ಇನ್ನೊಂದು ಕಡೆಯನ್ನೂ ಹೇಳಬೇಕು. ಹೃದಯ ನಿಂತು ಮರಳಿ ಬಂದವರು ಹೇಳುವುದನ್ನು ಸುಮ್ನೆ ತಳ್ಳಿಹಾಕಬೇಡಿ. ಎದೆ ಒತ್ತುವಾಗ ನಾವು ಮೂವತ್ತರವರೆಗೆ ಜೋರಾಗಿ ಎಣಿಸುತ್ತೇವೆ. ಒಬ್ಬ ಹೆಂಗಸು ಚೇತರಿಸಿಕೊಂಡ ಮೇಲೆ ನನ್ನ ಕೈ ಹಿಡಿದು, ನೀನು ಎಣಿಸುತ್ತಿದ್ದೆ, ಮಧ್ಯದಲ್ಲಿ ಬೇರೆಯವರಿಗೆ ಜಾಗ ಬಿಟ್ಟುಕೊಟ್ಟೆ ಅಂದರು. ನಿಜವೇ, ಕೈ ಸೋತು ಜಾಗ ಬದಲಿಸಿದ್ದೆವು. ಎದೆ ಸರಿಯಾಗಿ ಒತ್ತಿದರೆ ಮಾಮೂಲಿಯ ಕಾಲು ಭಾಗದಷ್ಟಾದರೂ ರಕ್ತ ಹರಿಯುತ್ತದೆ, ಕೆಲವರಿಗೆ ಆಗ ಎಚ್ಚರ ಇರುವುದು ಗೊತ್ತಿರುವ ವಿಷಯವೇ. ನನಗೆ ಆ ವಿವರಣೆ ಸಾಕು. ಅವರಿಗೆ ಸಾಕಾಗಲಿಲ್ಲ, ನಾನು ವಾದಕ್ಕೆ ಹೋಗಲಿಲ್ಲ.

ಮೈಸೂರು ಮಲ್ಲಿಗೆ ಬಳ್ಳಿ
ಪ್ಯಾಮ್ ರೆನಾಲ್ಡ್ಸ್ ಪ್ರಕರಣ ಏನು ಹೇಳ್ತೀರಾ ಸಿಸ್ಟರ್? ದೇಹ ತಣ್ಣಗೆ ಮಾಡಿ, ತಲೆಯಿಂದ ರಕ್ತ ತೆಗೆದು ಆಪರೇಷನ್ ಮಾಡುವಾಗ ಎಲ್ಲ ಕಂಡೆ ಅಂದರಲ್ಲ.

ರಾತ್ರಿಪಾಳಿ
1991, ಅರಿಜೋನಾದ ಫೀನಿಕ್ಸ್. ದೇಹದ ಉಷ್ಣತೆ 15-16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, ಹೃದಯ ನಿಲ್ಲಿಸಿ ಮಾಡಿದ ಆಪರೇಷನ್. ಆಕೆ ಹೇಳಿದ, ತಾಳೆ ನೋಡಲು ಬರುವ ವಿವರಗಳು ಮುಖ್ಯವಾಗಿ ಎರಡು: ತಲೆಬುರುಡೆ ಕೊರೆಯುವ ಗರಗಸ ನೋಡಲು ಎಲೆಕ್ಟ್ರಿಕ್ ಹಲ್ಲುಜ್ಜುವ ಬ್ರಷ್ ಥರ ಇತ್ತು ಅನ್ನುವುದು, ಮತ್ತೆ ತೊಡೆಯ ರಕ್ತನಾಳ ಸಣ್ಣದಾಗಿದೆ ಅಂತ ಒಬ್ಬ ವೈದ್ಯೆ ಹೇಳಿದ್ದು. ಎರಡೂ ನಡೆದದ್ದು ಹೃದಯ ನಿಲ್ಲಿಸುವ ಮುಂಚೆ. ಆಗ ಮಿದುಳಿಗೆ ರಕ್ತ ಹೋಗುತ್ತಿತ್ತು, ಅರಿವಳಿಕೆ ಮಾತ್ರ ಕೊಟ್ಟಿದ್ದರು. ಕಿವಿಗೆ ಟಿಕ್ ಟಿಕ್ ಸದ್ದಿನ ಸ್ಪೀಕರ್ ಹಾಕಿದ್ದರು, ಹಾಗಾಗಿ ಮಾತು ಕೇಳಿರಲಾರದು ಅನ್ನುವವರೂ ಇದ್ದಾರೆ. ವಿಚಿತ್ರ ಪ್ರಕರಣವೇ. ಆದರೆ 'ಸತ್ತಾಗ ಕಂಡದ್ದು' ಅಂತ ಹೇಳಲು ಸಮಯ ಹೊಂದುವುದಿಲ್ಲ.

ಸ್ಯಾಮ್ ಪಾರ್ನಿಯಾ ಅನ್ನುವ ವೈದ್ಯರು ಇದನ್ನು ಸರಿಯಾಗಿ ಪರೀಕ್ಷೆ ಮಾಡಲು ಹೊರಟರು. 15 ಆಸ್ಪತ್ರೆಗಳಲ್ಲಿ, ಮೇಲಿನಿಂದ ನೋಡಿದರೆ ಮಾತ್ರ ಕಾಣುವ ಹಾಗೆ ಎತ್ತರದ ಹಲಗೆಗಳ ಮೇಲೆ ಚಿತ್ರ ಇಟ್ಟರು. 2014ರಲ್ಲಿ ಫಲಿತಾಂಶ ಬಂತು. 2060 ಹೃದಯಸ್ತಂಭನಗಳಲ್ಲಿ ಸಂದರ್ಶನಕ್ಕೆ ಸಿಕ್ಕವರು 140 ಜನ. ನಡೆದದ್ದನ್ನು ತಾಳೆಯಾಗುವ ಹಾಗೆ ಹೇಳಿದವರು ಒಬ್ಬರು, ಅವರಿದ್ದ ಕೋಣೆಯಲ್ಲಿ ಹಲಗೆ ಇರಲಿಲ್ಲ. ಚಿತ್ರ ನೋಡಿದೆ ಅಂದವರು ಯಾರೂ ಇಲ್ಲ.

ಧಾರವಾಡದ ಅತ್ತಿ
ನಮ್ಮ ಕರ್ನಾಟಕದಾಗೂ ಇದರ ಮ್ಯಾಲೆ ಕೆಲಸ ಆಗೇದ, ಯಾಕ ಯಾರೂ ಹೇಳವಲ್ರಿ? ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರಿಚಾ ಅವರು ಚನ್ನಪಟ್ಟಣದ ಕಡೆ ಹಳ್ಳಿ ಹಳ್ಳಿ ತಿರುಗಿ, ಸತ್ತು ಬದುಕಿದೆ ಅನ್ನುವವರ ಮಾತು ದಾಖಲಿಸಿದ್ದಾರೆ. ಅದಕ್ಕೂ ಮೊದಲು ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್ಸನ್ ಜೊತೆ ಉತ್ತರ ಭಾರತದ ಪ್ರಕರಣಗಳ ಬಗ್ಗೆ 1986ರಲ್ಲಿ ಬರೆದಿದ್ದರು. ಅಮೆರಿಕದವರಿಗೆ ಸುರಂಗ, ಬೆಳಕು. ನಮ್ಮವರಿಗೆ ಯಮದೂತರು ಬಂದು ಎಳಕೊಂಡು ಹೋಗ್ತಾರ, ಅಲ್ಲೊಬ್ಬ ಪುಸ್ತಕ ತೆಗೆದು ನೋಡ್ತಾನ, 'ಇವನಲ್ಲ, ತಪ್ಪಿ ತಂದೀರಿ, ವಾಪಸ್ ಕಳಿಸ್ರಿ' ಅಂತಾನ. ಎಲ್ಲರೂ ಒಂದೇ ಪರಲೋಕ ನೋಡಿದ್ರ ಹಿಂಗ ಯಾಕ ಬ್ಯಾರೆ ಬ್ಯಾರೆ ಕಾಣಬೇಕು?

ಮೈಸೂರು ಮಲ್ಲಿಗೆ ಬಳ್ಳಿ
ಅತ್ತಿ, ಕಂಡದ್ದನ್ನು ಅವರವರ ಸಂಸ್ಕಾರದ ಭಾಷೆಯಲ್ಲಿ ಹೇಳುತ್ತಾರೆ ಅಂತಲೂ ಅರ್ಥ ಮಾಡಬಹುದಲ್ಲ.

ಧಾರವಾಡದ ಅತ್ತಿ
ಮಾಡಬಹುದು. ಆದರ ಆಗ ಯಾವುದು ಕಂಡದ್ದು, ಯಾವುದು ಸಂಸ್ಕಾರ ಅಂತ ಬೇರೆ ಮಾಡೋ ದಾರಿ ಯಾವುದವ್ವಾ?

ಕರಾವಳಿ ಅಣ್ಣ
ನಮ್ಮ ತುಳುನಾಡಿನಲ್ಲಿ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡವರಿಗೆ ಆಟಿ ತಿಂಗಳಲ್ಲಿ ಪ್ರೇತ ಮದುವೆ ಮಾಡುತ್ತೇವೆ. ಗಂಡಿನ ಕಡೆ, ಹೆಣ್ಣಿನ ಕಡೆ, ಸೀರೆ, ಪಂಚೆ, ಊಟ ಎಲ್ಲ ಉಂಟು. ನಾನು ಬಿಎಸ್‌ಸಿ ಓದಿದವ. ನಮ್ಮ ದೊಡ್ಡಮ್ಮನ ಮಗಳ ಮದುವೆಯನ್ನು ಹೀಗೆಯೇ ಮಾಡಿದ್ದು, ಕುರ್ಚಿ ಮೇಲೆ ಸೀರೆ ಮಡಚಿ ಇಟ್ಟು ದೊಡ್ಡಮ್ಮ ಅದರ ನೆರಿಗೆ ಸರಿ ಮಾಡುತ್ತಾ ಕೂತಿದ್ದರು. ಅಲ್ಲಿ ಯಾರೂ ಇದು ಫಿಸಿಕ್ಸ್ ಅನ್ನಲಿಲ್ಲ. ಅನ್ನುವ ಅಗತ್ಯವೂ ಯಾರಿಗೂ ಬರಲಿಲ್ಲ.

ಬಸವನಗುಡಿ ಹಳಬ
ಹೆಚ್. ನರಸಿಂಹಯ್ಯನವರ ಹೆಸರು ಇಲ್ಲಿ ಬರದೇ ಹೋದರೆ ಹೇಗೆ? ಅಮೆರಿಕದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಮಾಡಿ ಬಂದು, ನ್ಯಾಷನಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾ ಹಾಸ್ಟೆಲಿನಲ್ಲೇ ಬದುಕಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡ, ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ಮಾಡಿದರು. ಆ ಸಮಿತಿಯ ಹೆಸರಿನಲ್ಲೇ 'ಪರೀಕ್ಷೆಗೆ ಒಳಪಡಬಲ್ಲ' ಅನ್ನುವ ಅರ್ಥದ ಮಾತಿತ್ತು. ಅದು ನನಗೆ ದೊಡ್ಡ ವಿಷಯ. ಪರೀಕ್ಷೆಗೆ ಬರುವ ಮಾತಾಡಿದರೆ ಪರೀಕ್ಷೆ ಮಾಡುತ್ತೇವೆ. ದೊಡ್ಡಮ್ಮನ ಸೀರೆ ಪರೀಕ್ಷೆಯ ವಿಷಯ ಅಲ್ಲ. 21 ಗ್ರಾಂ ಪರೀಕ್ಷೆಯ ವಿಷಯ.

ಕಡೂರಿನವಳು
ಎಲ್ಲ ಓದುತ್ತಿದ್ದೇನೆ, ತುಂಬಾ ಉಪಕಾರವಾಯಿತು. ಎರಡನೇ ಪ್ರಶ್ನೆಗೆ ಇನ್ನೂ ಯಾರೂ ಬಂದಿಲ್ಲ. ಅಯಾನು ಚಲಿಸುತ್ತದೆ, ಸರಿ. ಆದರೆ ಅಯಾನು ಚಲಿಸಿದರೆ ನನಗೆ ಯಾಕೆ ನೋವಾಗಬೇಕು? ಆ 'ನನಗೆ' ಎಲ್ಲಿಂದ ಬಂತು?

ದೂರದೂರಿನ ಮಗ
ಇದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ, ನಿಜವಾಗಿ ಇಲ್ಲ. ತತ್ವಶಾಸ್ತ್ರಜ್ಞ ಡೇವಿಡ್ ಚಾಲ್ಮರ್ಸ್ 1990ರ ದಶಕದಲ್ಲಿ ಇದನ್ನೇ 'ಕಠಿಣ ಸಮಸ್ಯೆ' ಅಂತ ಕರೆದರು. 1998ರಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಕ್ ಅವರ ಜೊತೆ ಬಾಜಿ ಕಟ್ಟಿದರು. ಪ್ರಜ್ಞೆಗೆ ಕಾರಣವಾದ ಮಿದುಳಿನ ಗುರುತು 25 ವರ್ಷದಲ್ಲಿ ಸ್ಪಷ್ಟವಾಗಿ ಸಿಗುತ್ತದೆ ಅಂತ ಕಾಕ್ ಹೇಳಿದ್ದರು. 2023ರಲ್ಲಿ ಕಾಕ್ ಸೋಲು ಒಪ್ಪಿ ವೈನ್ ಕೊಟ್ಟರು.

ಕ್ವಾಂಟಂ ಕನ್ನಡಿಗ
ಅಂದರೆ ವಿಜ್ಞಾನ ಸೋತಿತು. ನಾನು ಹೇಳುತ್ತಿದ್ದದ್ದೂ ಅದೇ.

ಪಿಯು ಮೇಷ್ಟ್ರು
ಒಬ್ಬ ವಿಜ್ಞಾನಿ ಬಾಜಿ ಸೋತರು. ಅನುಭವ ಹೇಗೆ ಹುಟ್ಟುತ್ತದೆ ಅಂತ ಗೊತ್ತಿಲ್ಲ, ಒಪ್ಪುತ್ತೇನೆ. ಮಿದುಳು ಇಲ್ಲದೆಯೂ ಅದು ಮುಂದುವರಿಯುತ್ತದೆ ಅನ್ನುವುದು ಬೇರೆ ಮಾತು, ಅದಕ್ಕೆ ಬೇರೆ ಸಾಕ್ಷಿ ಬೇಕು. ಮೊದಲನೆಯದು ಗೊತ್ತಿಲ್ಲ ಅನ್ನುವುದು ಎರಡನೆಯದಕ್ಕೆ ಸಾಕ್ಷಿ ಆಗಲ್ಲ. ಅರಿವಳಿಕೆ ಹೇಗೆ ಎಚ್ಚರ ಕಳೆಯುತ್ತದೆ ಅನ್ನುವುದು ಪೂರ್ತಿ ಗೊತ್ತಿಲ್ಲ, ಆದರೂ ಅದು ಕಳೆಯುತ್ತದೆ ಅನ್ನುವುದರಲ್ಲಿ ಸಂಶಯವಿಲ್ಲ.

ವೈದಿಕ ಮನೆಯವ
ಮೇಷ್ಟ್ರೇ, ಇಲ್ಲಿ ನಾನು ಒಪ್ಪಲ್ಲ. ನೀವು ಅಳೆಯುವುದಕ್ಕೂ, ಸಾಕ್ಷಿ ನೋಡುವುದಕ್ಕೂ ಮೊದಲೇ ಅರಿವು ಇದೆ. ಎಲ್ಲವನ್ನೂ ನೋಡುವವನನ್ನೇ ನೋಡಲ್ಪಟ್ಟ ವಸ್ತುಗಳ ಪಟ್ಟಿಗೆ ಸೇರಿಸುತ್ತೀರಿ. ಶ್ರೋಡಿಂಗರ್ ಅಂಥ ದೊಡ್ಡ ಭೌತವಿಜ್ಞಾನಿಯೇ ವೇದಾಂತಕ್ಕೆ ಒಲಿದದ್ದು ಈ ಪ್ರಶ್ನೆಗೆ.

ಪಿಯು ಮೇಷ್ಟ್ರು
ಶ್ರೋಡಿಂಗರ್ ಒಲಿದರು, ನಿಜ. ಆದರೆ ಅವರ ಸಮೀಕರಣದಲ್ಲಿ ಅದನ್ನು ತರಲಿಲ್ಲ. ಆ ಎಚ್ಚರ ಅವರಿಗಿತ್ತು. ನೀವು ಹೇಳುವ ಅರಿವು ಒಂದೇ, ಎಲ್ಲರದ್ದೂ ಒಂದೇ ಅಂದರೂ, ಅದರಲ್ಲಿ ಮೇಡಂ ಅವರ ಅಪ್ಪ ಅಂತ ಬೇರೆಯಾಗಿ ಉಳಿಯುತ್ತಾರಾ?

ವೈದಿಕ ಮನೆಯವ
ಅದ್ವೈತದಲ್ಲಿ ಮುಕ್ತಿಯಾದರೆ ಉಳಿಯುವುದಿಲ್ಲ. ದ್ವೈತದಲ್ಲಿ ಉಳಿಯುತ್ತಾರೆ. ನಾನು ದ್ವೈತ ಮನೆತನದವನು.

ಮೈಸೂರು ಮಲ್ಲಿಗೆ ಬಳ್ಳಿ
ಮಾಹಿತಿ ನಾಶವಾಗಲ್ಲ ಅಂತ ಫಿಸಿಕ್ಸ್‌ನಲ್ಲಿದೆಯಲ್ಲ? ಹಾಕಿಂಗ್ ಕೂಡ ಬಾಜಿ ಸೋತು ಅದನ್ನು ಒಪ್ಪಿದರು ಅಂತ ಓದಿದ್ದೆ. ಹಾಗಾದರೆ ನೆನಪುಗಳೂ ಎಲ್ಲೋ ಇರಬೇಕು.

ದೂರದೂರಿನ ಮಗ
ಹೌದು, 1997ರಲ್ಲಿ ಭೌತವಿಜ್ಞಾನಿ ಜಾನ್ ಪ್ರೆಸ್ಕಿಲ್ ಜೊತೆ ಕಟ್ಟಿದ ಬಾಜಿಯನ್ನು ಹಾಕಿಂಗ್ 2004ರಲ್ಲಿ ಬಿಟ್ಟುಕೊಟ್ಟರು. ಅದು ಕಪ್ಪುಕುಳಿಗೆ ಬಿದ್ದ ಮಾಹಿತಿಯ ವಿಷಯ. ಕ್ವಾಂಟಂ ನಿಯಮದ ಪ್ರಕಾರ ಪ್ರತಿ ಕಣದ ಸ್ಥಿತಿ ಗೊತ್ತಿದ್ದರೆ ಹಿಂದಿನದ್ದನ್ನು ತಾತ್ವಿಕವಾಗಿ ಲೆಕ್ಕ ಹಾಕಬಹುದು. ಆದರೆ ಚಿತೆಯ ಹೊಗೆ ಗಾಳಿಯಲ್ಲಿ ಬೆರೆಯಿತು, ಶಾಖ ಬೆಳಕಿನ ವೇಗದಲ್ಲಿ ಆಕಾಶಕ್ಕೆ ಹೋಯಿತು, ಅದನ್ನು ಓಡಿ ಹಿಡಿಯಲು ಆಗಲ್ಲ. ಮುಖ್ಯವಾಗಿ, ಹಾಗೆ ಚದುರಿದ ಮಾಹಿತಿ ಯೋಚನೆ ಮಾಡುವುದಿಲ್ಲ, ಯಾರನ್ನೂ ನೆನೆಯುವುದಿಲ್ಲ. ಹಾಕಿಂಗ್ ಕೊನೆಯವರೆಗೂ ಸಾವಿನ ನಂತರ ಏನೂ ಇಲ್ಲ ಅಂತಲೇ ಹೇಳಿದವರು.

ನನಗೆ ಹತ್ತಿರವಾದದ್ದು ಬೇರೆ. 1955ರ ಮಾರ್ಚಿನಲ್ಲಿ ಐನ್‌ಸ್ಟೈನ್ ತಮ್ಮ ಜೀವದ ಗೆಳೆಯ ಮಿಶೆಲ್ ಬೆಸ್ಸೊ ತೀರಿಕೊಂಡಾಗ ಅವರ ಮನೆಯವರಿಗೆ ಕಾಗದ ಬರೆದರು. ಭೂತ, ವರ್ತಮಾನ, ಭವಿಷ್ಯ ಅನ್ನುವ ಭೇದ ಬಿಡಲೊಲ್ಲದ ಒಂದು ಭ್ರಮೆ ಅಷ್ಟೇ ಅನ್ನುವ ಅರ್ಥದ ಮಾತು ಅದರಲ್ಲಿದೆ. ಅವರ ಸಾಪೇಕ್ಷತಾ ಸಿದ್ಧಾಂತದಲ್ಲಿ ಎಲ್ಲರಿಗೂ ಒಂದೇ ಆದ 'ಈಗ' ಅನ್ನುವುದಿಲ್ಲ. ಹಾಗೆ ನೋಡಿದರೆ ನಮ್ಮಮ್ಮ ಬದುಕಿದ್ದ ವರ್ಷಗಳು ಅಳಿಸಿಹೋಗಿಲ್ಲ, ಕಾಲದಲ್ಲಿ ಅವುಗಳ ಜಾಗದಲ್ಲಿ ಅವು ಇವೆ. ಅಮ್ಮ ಹೋದಾಗ ನಾನು ಈ ದೂರದೂರಿನಲ್ಲಿದ್ದೆ, ಊರು ಮುಟ್ಟಲು ಆಗಲಿಲ್ಲ. ನಾನು ಹಿಡಿದುಕೊಂಡಿರುವುದು ಇದನ್ನೇ.

ನಿವೃತ್ತ ಲೈನ್‌ಮನ್
ನಾನು ಜಾಸ್ತಿ ಓದಿದವನಲ್ಲ, ಎಲ್ಲ ಓದುತ್ತಾ ಬಂದೆ. ಒಂದು ಕೇಳಬೇಕು ಅನಿಸಿತು. ಒಳ್ಳೆ ವರ್ಷಗಳು ಹಾಗೇ ಇವೆ ಅಂದರೆ, ನನ್ನ ಹೆಂಡತಿ ಕ್ಯಾನ್ಸರ್‌ನಲ್ಲಿ ನರಳಿದ ರಾತ್ರಿಗಳೂ ಹಾಗೇ ಇವೆ ಅಂತಾಯಿತಲ್ಲ ಸಾರ್?

ದೂರದೂರಿನ ಮಗ
ಹೌದು ಅಣ್ಣ. ಆ ಲೆಕ್ಕದಲ್ಲಿ ಅವೂ ಇವೆ.

ನಿವೃತ್ತ ಲೈನ್‌ಮನ್
ಹಾಗಾದರೆ ನನಗೆ ಅದು ಬೇಡ. ಅವು ಮುಗಿದವು ಅನ್ನುವುದೇ ನನಗೆ ಬೇಕಾದದ್ದು.

ಪಿಯು ಮೇಷ್ಟ್ರು
ಅಣ್ಣಾ, ಹಾಗೆ ಒಪ್ಪಲೇಬೇಕು ಅಂತಲೂ ಇಲ್ಲ. ಎಲ್ಲ ಕಾಲವೂ ಒಟ್ಟಿಗೆ ಇದೆ ಅನ್ನುವುದು ಸಾಪೇಕ್ಷತೆಯ ಒಂದು ವ್ಯಾಖ್ಯಾನ. ಪ್ರಯೋಗದಿಂದ ಗೊತ್ತಾದದ್ದು, ಓಡುವ ಗಡಿಯಾರ ನಿಧಾನವಾಗುತ್ತದೆ, ಇಬ್ಬರ 'ಈಗ' ತಾಳೆಯಾಗುವುದಿಲ್ಲ ಅನ್ನುವಷ್ಟು. ಅದರ ಮೇಲೆ ಹಿಂದಿನದು 'ಇದೆ' ಅನ್ನಬೇಕೋ 'ಇತ್ತು' ಅನ್ನಬೇಕೋ ಅನ್ನುವುದರಲ್ಲಿ ಭೌತವಿಜ್ಞಾನಿಗಳಿಗೇ ಒಮ್ಮತ ಇಲ್ಲ. ಯಾವ ಗಡಿಯಾರ ಇಟ್ಟರೂ ಅದು ತೀರ್ಮಾನವಾಗುವುದಿಲ್ಲ. ಕಡೂರಿನ ಮೇಡಂ ಕೇಳಿದ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದೇ, ಅಂಥ ಜಾಗ ಇದೆ, ಇದು ಅವುಗಳಲ್ಲಿ ಒಂದು.

ನಿವೃತ್ತ ಲೈನ್‌ಮನ್
ಸರಿ ಮೇಷ್ಟ್ರೇ. 'ಇತ್ತು' ಅಂತಲೇ ಇಟ್ಟುಕೊಳ್ಳುತ್ತೇನೆ.

ದೂರದೂರಿನ ಮಗ
ನಾನು 'ಇದೆ' ಅಂತಲೇ ಇಟ್ಟುಕೊಳ್ಳುತ್ತೇನೆ ಅಣ್ಣ.